ರೋಬೋಟ್‌ಗೆ ಕ್ಯಾಮೆರಾ ಬಂತು ಅಂತ ಬೇಲಿ ತೆಗೆಯಬೇಡಿ

ಐವತ್ತು ಕೆಜಿ ಚೀಲ ಹೊತ್ತು ಹೊತ್ತು ನಲವತ್ತು ದಾಟುವುದರೊಳಗೆ ಬೆನ್ನು ಕಳೆದುಕೊಂಡವರು ಕಾರವಾರ, ಅಂಕೋಲಾ, ದಾಂಡೇಲಿ ಕಡೆ ಬೇಕಾದಷ್ಟು ಜನ ಇದ್ದಾರೆ. ಆ ಭಾರವನ್ನು ರೋಬೋಟ್ ಎತ್ತಿದರೆ ನನಗೆ ಸಂತೋಷವೇ. ಆದರೆ ಇತ್ತೀಚೆಗೆ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ. "ಇದು ಎಐ ರೋಬೋಟ್, ಮನುಷ್ಯ ಹತ್ತಿರ ಬಂದರೆ ಕ್ಯಾಮೆರಾದಲ್ಲಿ ನೋಡಿ ತಾನೇ ನಿಲ್ತದೆ. ಇದರ ಸುತ್ತ ಬೇಲಿ ಯಾಕೆ?" ಇದನ್ನು ನಾನು ಒಪ್ಪುವುದಿಲ್ಲ.

ಎಐ ಮಾಡುವುದು ಅಂದಾಜು. ಎದುರಿಗಿರುವುದು ಮನುಷ್ಯನಾ, ಪೆಟ್ಟಿಗೆಯಾ ಅಂತ ಊಹಿಸುತ್ತದೆ. ಹೆಚ್ಚಿನ ಸಲ ಸರಿಯಾಗಿಯೇ ಊಹಿಸಬಹುದು. ಚೀಲ ಎಣಿಸಲು ಅಷ್ಟು ಸಾಕು, ಜೀವ ಕಾಯಲು ಸಾಲದು. 2023ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ತರಕಾರಿ ಘಟಕವೊಂದರಲ್ಲಿ ದೊಣ್ಣೆಮೆಣಸಿನ ಪೆಟ್ಟಿಗೆ ಎತ್ತುವ ರೋಬೋಟ್, ಅದರ ಸೆನ್ಸರ್ ಪರೀಕ್ಷಿಸಲು ಬಂದವನನ್ನೇ ಹಿಡಿದು ಅದುಮಿತು. ಆತ ಉಳಿಯಲಿಲ್ಲ. ಅವನೇನು ಹೊಸಬನಲ್ಲ, ರೋಬೋಟ್ ಕಂಪನಿಯ ಕೆಲಸಗಾರ. ಅದಕ್ಕೂ ಬಹಳ ಹಿಂದೆ, 1979ರ ಜನವರಿ 25ರಂದು, ಅಮೆರಿಕದ ಮಿಚಿಗನ್‌ನ ಫೋರ್ಡ್ ಕಾರ್ಖಾನೆಯಲ್ಲಿ ರಾಬರ್ಟ್ ವಿಲಿಯಮ್ಸ್ ಸಾಮಾನು ತೆಗೆಯಲು ರ್‍ಯಾಕ್ ಹತ್ತಿದ್ದಾಗ ರೋಬೋಟ್ ತೋಳು ಬಡಿದು ಸತ್ತಿದ್ದ. ಎರಡೂ ಕಡೆ ತೋಳು ತಿರುಗುವ ಜಾಗದೊಳಗೆ ಮನುಷ್ಯ ಇದ್ದ, ಕರೆಂಟೂ ಇತ್ತು.

ನಾನು ಎಲೆಕ್ಟ್ರಿಕಲ್ ಮೆಂಟೆನೆನ್ಸ್ ಕೆಲಸದವನು. ನನಗೆ ಭಯ ಇರುವುದು ನಮ್ಮ ಮಳೆಗಾಲದ ಬಗ್ಗೆ. ಜೂನ್, ಜುಲೈನಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಹೇಗೂ ನಿಂತಿದೆಯಲ್ಲ ಅಂತ ಒಬ್ಬ ಸಿಕ್ಕಿಕೊಂಡ ಚೀಲ ಬಿಡಿಸಲು ಒಳಗೆ ಹೋಗುತ್ತಾನೆ. ಅಷ್ಟರಲ್ಲಿ ಕರೆಂಟ್ ಬಂದರೆ? ರೋಬೋಟ್ ತಾನಾಗಿ ಶುರುವಾಗಲೇಬಾರದು. ಒಳಗೆ ಯಾರೂ ಇಲ್ಲ ಅಂತ ನೋಡಿ, ಬೇಲಿಯ ಹೊರಗಿಂದ ರೀಸೆಟ್ ಒತ್ತಿದ ಮೇಲಷ್ಟೇ ಶುರುವಾಗಬೇಕು. ಒಳಗೆ ಹೋಗುವವನು ಮೇನ್ ಸ್ವಿಚ್‌ಗೆ ತನ್ನದೇ ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಸಾಲದ್ದಕ್ಕೆ ನಮ್ಮಲ್ಲಿ ಉಪ್ಪುಗಾಳಿ, ತೇವ ಬೇರೆ. ಕ್ಯಾಮೆರಾ ಗಾಜು ಮಸುಕಾಗುತ್ತದೆ, ರೋಬೋಟನ್ನು ತುರ್ತಾಗಿ ನಿಲ್ಲಿಸುವ ಕೆಂಪು ಬಟನ್ ಒಳಗಿನ ಕಾಂಟ್ಯಾಕ್ಟ್‌ಗೆ ಕಿಲುಬು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಸಾಲದು. ಪ್ರತಿ ಶಿಫ್ಟ್ ಶುರುವಿನಲ್ಲಿ ಒತ್ತಿ ನೋಡಬೇಕು.

ಒಂದು ಕಡೆ ಬೇಲಿ ಗೇಟಿನ ಇಂಟರ್‌ಲಾಕ್‌ಗೆ (ಗೇಟು ತೆರೆದರೆ ರೋಬೋಟ್ ನಿಲ್ಲಿಸುವ ಸ್ವಿಚ್) ಬೇರೊಂದು ಕೀ ತುರುಕಿ, ಮೇಲೆ ಕಪ್ಪು ಟೇಪ್ ಸುತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಗೇಟು ತೆರೆದೇ ಇತ್ತು, ಒಳಗೆ ತೋಳು ತಿರುಗುತ್ತಲೇ ಇತ್ತು. ಕೇಳಿದರೆ, "ಪದೇ ಪದೇ ನಿಲ್ತದೆ ಸರ್, ಟಾರ್ಗೆಟ್ ಆಗುದಿಲ್ಲ" ಅಂದ ಅಲ್ಲಿದ್ದ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಲೈನ್ ನಿಲ್ಲಿಸಿದರೆ ಬೈಗುಳ ಸಿಗುತ್ತದೆ ಅಂತಾದರೆ ಯಾರು ತಾನೇ ನಿಲ್ಲಿಸುತ್ತಾರೆ?

ಬೇಲಿ ಇಲ್ಲದೆ ಜನರ ಪಕ್ಕದಲ್ಲೇ ಕೆಲಸ ಮಾಡುವ ಕೋಬಾಟ್‌ಗಳೂ ಇವೆ, ನಿಜ. ಅವುಗಳ ವೇಗಕ್ಕೆ, ತಾಗುವ ಬಲಕ್ಕೆ ಮಿತಿ ಇಟ್ಟಿರುತ್ತಾರೆ. ಆದರೆ ಅದರ ತುದಿಗೆ ಚೂಪಾದ ಬ್ಲೇಡ್ ಕಟ್ಟಿದರೆ ಆ ಲೆಕ್ಕವೆಲ್ಲ ತಲೆಕೆಳಗು.

ಅಪಾಯದ ಯಂತ್ರಕ್ಕೆ ಬೇಲಿ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಎಐ ಬೇಕಿದ್ದರೆ ಬೇಲಿಯ ಜೊತೆಗೆ ಇರಲಿ, ಬದಲಿಗೆ ಬೇಡ. ಮತ್ತೆ ಗುತ್ತಿಗೆ ಮೇಲೆ ಬರುವ ಹುಡುಗರಿಗೆ ಸುಮ್ನೆ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿ ಒಳಗೆ ಬಿಡಬೇಡಿ. ಮೊದಲ ದಿನವೇ ಬೇಲಿ ಪಕ್ಕ ನಿಲ್ಲಿಸಿ, ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿಕೊಡಿ: ತೋಳು ಎಲ್ಲಿಯವರೆಗೆ ಬರುತ್ತದೆ, ಕೆಂಪು ಬಟನ್ ಎಲ್ಲಿದೆ, ಒತ್ತಿದರೆ ಯಾರೂ ಬೈಯುವುದಿಲ್ಲ ಅಂತ.