ಸನ್‌ರೂಫ್ ಕೆಟ್ಟಿತೆಂದು ಸಿಲಿಕಾನ್ ಬಳಿಸಬೇಡಿ

ಭರಣಿ ಮಳೆಗೆ ಮುಂಚೆ ಈ ವಿಷಯ ಬರೆದುಬಿಡಬೇಕು. ಮೈಸೂರು, ಮಂಡ್ಯದ ಕಡೆ ಹಳೆಯ ಸ್ಪೋರ್ಟ್ಸ್ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಅನೇಕರಿದ್ದಾರೆ. ಎಂಜಿನ್ನಿಗೆ ಎಷ್ಟಾದರೂ ಖರ್ಚು ಮಾಡುತ್ತಾರೆ. ಸನ್‌ರೂಫ್ (ಛಾವಣಿಯಲ್ಲಿ ತೆರೆದು ಮುಚ್ಚುವ ಗಾಜು) ಅರ್ಧದಲ್ಲಿ ನಿಂತರೆ ಮಾತ್ರ "ಮೋಟ್ರು ಹೋಗಿದೆ ಸಾರ್, ಸ್ಪೇರ್ ಸಿಗಲ್ಲ, ಸುತ್ತ ಸಿಲಿಕಾನ್ ಹಾಕಿ ಮುಚ್ಚಿಬಿಡೋಣ" ಅನ್ನುವ ಮಾತಿಗೆ ತಲೆಯಾಡಿಸಿ ಬರುತ್ತಾರೆ. ಅದು ರಿಪೇರಿಯಲ್ಲ, ಕಾರನ್ನು ಒಳಗಿನಿಂದ ಕೊಳೆಯಲು ಬಿಟ್ಟ ಹಾಗೆ.

ಗಾಜಿನ ಸುತ್ತ ಇರುವ ರಬ್ಬರ್ ಬೀಡಿಂಗ್ ನೀರನ್ನು ಪೂರ್ತಿ ತಡೆಯುವುದಕ್ಕೆ ಇರುವುದಲ್ಲ. ಒಂದಿಷ್ಟು ನೀರು ಒಳಗೆ ಇಳಿದೇ ಇಳಿಯುತ್ತದೆ ಅಂತ ಲೆಕ್ಕ ಹಾಕಿಯೇ ಅದರ ಕೆಳಗೆ ಒಂದು ಟ್ರೇ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಟ್ರೇಯ ನಾಲ್ಕು ಮೂಲೆಯಿಂದ ನಾಲ್ಕು ಸಣ್ಣ ಪೈಪು ಹೊರಡುತ್ತವೆ. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗೆ, ಹಿಂದಿನ ಎರಡು ಹಿಂಗಾಜಿನ ಪಕ್ಕದ ಕಂಬದೊಳಗೆ ಇಳಿದು ಕಾರಿನ ಕೆಳಗೆ ನೀರು ಬಿಡುತ್ತವೆ. ಸಿಲಿಕಾನ್ ಬಳಿಸಿದರೆ ಬಿಸಿಲಿಗೆ ಹಿಗ್ಗಿ ಕುಗ್ಗಿ ಎಲ್ಲೋ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ಪೈಪು ಮೊದಲೇ ಕಟ್ಟಿಕೊಂಡಿರುವುದರಿಂದ ಟ್ರೇ ತುಂಬಿ ನೀರು ಟಾಪ್ ಲೈನಿಂಗಿಗೆ, ಅಂದರೆ ಛಾವಣಿಯ ಒಳಹೊದಿಕೆಗೆ, ಇಳಿಯುತ್ತದೆ. ಅಲ್ಲಿಂದ ಕಂಬದ ಒಳಗೇ ಹರಿದು ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸಿಗೆ, ಕಾರ್ಪೆಟ್ಟಿನ ಅಡಿಯ ತಗಡಿಗೆ. ತಗಡು ತುಕ್ಕು ಹಿಡಿದದ್ದು ಕಾರ್ಪೆಟ್ ಎತ್ತುವವರೆಗೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಮೋಟಾರಿನದಲ್ಲ, ಪೈಪಿನದು. ಗುಲ್‌ಮೊಹರ್, ಹುಣಸೆ ಮರದಡಿ ಕಾರು ನಿಲ್ಲಿಸುವವರಿಗೆ ಆ ಸಣ್ಣ ಸಣ್ಣ ಎಲೆಗಳೇ ಶತ್ರು. ಮಂಡ್ಯದ ಕಡೆ ಕಬ್ಬಿನ ಸೋಗೆ ಸುಟ್ಟ ಕರಿ, ಕಾರ್ಖಾನೆಯ ಹಾರುಬೂದಿ ಟ್ರೇಯಲ್ಲಿ ಹಳೆಯ ಗ್ರೀಸಿನ ಜೊತೆ ಕಲೆತು ಕೆಸರಾಗಿ ಕೂರುತ್ತದೆ. ಗಾಜು ತೆರೆದು ಒಂದೊಂದು ಮೂಲೆಗೂ ಲೋಟದಿಂದ ಸುಮಾರು 100 ಮಿಲಿ ನೀರು ನಿಧಾನವಾಗಿ ಹುಯ್ಯಿರಿ. ಅದೇ ಕಡೆಯ ಚಕ್ರದ ಹತ್ತಿರ ಅಥವಾ ಬಾಗಿಲ ಹಿಂಜಿನ ಹತ್ತಿರ ನೀರು ಧಾರೆಯಾಗಿ ಇಳಿಯಬೇಕು. ತೊಟ್ಟಿಕ್ಕಿದರೆ ಪೈಪು ಕಟ್ಟಿದೆ ಅಂತಲೇ ಅರ್ಥ. ಬ್ರಷ್ ಕಟ್ಟರಿಗೆ ಹಾಕುವ 2 ಮಿ.ಮೀ. ನೈಲಾನ್ ದಾರ ತೆಗೆದುಕೊಂಡು, ತುದಿಯನ್ನು ಬೆಂಕಿಗೆ ಹಿಡಿದು ಉರುಟು ಮಾಡಿ, ಮೇಲಿನಿಂದ ತಿರುಗಿಸುತ್ತಾ ಬಿಡಿ. ಗ್ಯಾರೇಜಿನ ಏರ್ ಕಂಪ್ರೆಸರ್ ಹಿಡಿಸಲೇಬೇಡಿ. ಆ ರಭಸಕ್ಕೆ ಪೈಪು ಟ್ರೇಯ ಮೂತಿಯಿಂದ ಲೈನಿಂಗಿನ ಒಳಗೇ ಕಳಚಿಕೊಳ್ಳುತ್ತದೆ. ಆಮೇಲೆ ಲೈನಿಂಗ್ ಪೂರ್ತಿ ಇಳಿಸದೆ ಅದನ್ನು ಸಿಕ್ಕಿಸಲು ಆಗುವುದಿಲ್ಲ.

ಇನ್ನು ಗಾಜು ಅಲುಗಾಡದಿರುವ ವಿಷಯ. ಬಿಚ್ಚುವ ಮುಂಚೆ ಕಿವಿ ಕೊಟ್ಟು ಕೇಳಿ. ಸ್ವಿಚ್ ಒತ್ತಿದಾಗ ಯಾವ ಶಬ್ದವೂ ಇಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ, ಸ್ವಿಚ್, ಅರ್ಥ್ ವೈರ್ ನೋಡಿ, ಇವೆಲ್ಲ ಸರಿಯಿದ್ದರೆ ಮಾತ್ರ ಮೋಟಾರಿನ ಮೇಲೆ ಅನುಮಾನ. ಮೋಟಾರು ಗುಂಯ್ ಅಂತ ತಿರುಗುತ್ತಿದ್ದೂ ಗಾಜು ನಿಂತಿದ್ದರೆ ಒಳಗಿನ ನೈಲಾನ್ ಗೇರಿನ ಹಲ್ಲು ಸವೆದಿದೆ, ಇಲ್ಲವೇ ಸ್ಲಿಪ್ ಕ್ಲಚ್ (ಭಾರ ಹೆಚ್ಚಾದಾಗ ಗೇರನ್ನು ಬಿಟ್ಟುಕೊಡುವ ಭಾಗ) ಜಾರುತ್ತಿದೆ. ನಾಲ್ಕು ಬೆರಳಗಲ ಹೋಗಿ ಉಸಿರು ಕಟ್ಟಿದಂತೆ ನಿಂತರೆ ಗಾಜು ಜಾರುವ ರೈಲಿನಲ್ಲಿ (ಹಳಿಯಲ್ಲಿ) ಬಿಗಿತ ಇದೆ. ಗಾಜು ಓರೆಯಾಗಿ ನಿಂತರೆ ಒಂದು ಕಡೆಯ ಕೇಬಲ್ ಹಲ್ಲು ಹಾರಿದೆ ಅಥವಾ ರೈಲಿನ ಮೇಲೆ ಗಾಜನ್ನು ಹೊತ್ತು ಜಾರುವ ಪ್ಲಾಸ್ಟಿಕ್ ತುಂಡು, ಅಂದರೆ ಜಾರುಗಟ್ಟೆ, ಮುರಿದಿದೆ. ಈ ನಾಲ್ಕರಲ್ಲಿ ಮೋಟಾರೇ ಸುಟ್ಟಿರುವ ಸಾಧ್ಯತೆ ಮೊದಲನೆಯದರಲ್ಲಿ ಮಾತ್ರ, ಎರಡನೆಯದರಲ್ಲಿ ಕೆಟ್ಟಿರುವುದು ಗೇರು ಅಥವಾ ಕ್ಲಚ್. ಹಾಗಿದ್ದೂ ಎಲ್ಲದಕ್ಕೂ "ಮೋಟ್ರು ಹೋಗಿದೆ" ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಕೆಲಸ. ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸ್ವಿಚ್ ಒತ್ತಿ ಹಿಡಿದು ಮೋಟಾರಿನ ಪ್ಲಗ್ಗಿನಲ್ಲೇ ನೋಡಿ. ಅಲ್ಲಿ 9 ವೋಲ್ಟ್ ಬಂದರೆ ಉಳಿದದ್ದನ್ನು ದಾರಿಯಲ್ಲಿ ಸ್ವಿಚ್ಚಿನ ಕರಿಗಟ್ಟಿದ ಕಾಂಟ್ಯಾಕ್ಟೋ, ತುಕ್ಕು ಹಿಡಿದ ಅರ್ಥೋ ತಿಂದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ, ಅರ್ಥ್ ಬೋಲ್ಟ್ ಉಜ್ಜಿ ಬಿಗಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ದಯವಿಟ್ಟು ದೊಡ್ಡ ಆಂಪಿಯರಿನದು ಹಾಕಬೇಡಿ. ಗಾಜು ಎಲ್ಲೋ ಸಿಕ್ಕಿಕೊಂಡು ಮೋಟಾರು ಹೆಚ್ಚು ಕರೆಂಟು ಎಳೆಯುತ್ತಿದೆ ಎಂದು ಫ್ಯೂಸ್ ಹೇಳುತ್ತಿರುತ್ತದೆ.

ಹೆಚ್ಚಿನ ಕೆಲಸ ಇರುವುದು ರೈಲಿನಲ್ಲಿ. ಒಂದೇ ಹಲ್ಲಿನ ಚಕ್ರ ಎಡ ಬಲದ ಎರಡೂ ಕೇಬಲ್ಲನ್ನು ಒಟ್ಟಿಗೆ ನಡೆಸುತ್ತದೆ. ಕೇಬಲ್ ಅಂದರೆ ಬರಿಯ ತಂತಿಯಲ್ಲ, ಮೇಲೆ ಸ್ಪ್ರಿಂಗಿನಂತೆ ಸುತ್ತು ಇರುವ ಉಕ್ಕಿನ ಎಳೆ. ಆ ಸುತ್ತೇ ಹಲ್ಲಿನ ಕೆಲಸ ಮಾಡುತ್ತದೆ. ಅದರ ಮೇಲಿನ ಗ್ರೀಸ್ ವರ್ಷಗಳ ಬಿಸಿಲಿಗೆ ಒಣಗಿ, ಧೂಳು ಹಿಡಿದು, ಸಾಣೆಯಂತೆ ಪ್ಲಾಸ್ಟಿಕ್ ಜಾರುಗಟ್ಟೆಗಳನ್ನು ಅರೆಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಇದ್ದ ಗ್ರೀಸೂ ತೊಳೆದುಹೋಗಿ ಮೊದಲಿಗಿಂತ ಬಿಗಿಯಾಗುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಎರಡೂ ಬೇಡ, ರಬ್ಬರೂ ಲೈನಿಂಗಿನ ಅಂಟೂ ಹಾಳಾಗುತ್ತವೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ರೈಲು ಹೊಳೆಯುವವರೆಗೆ ಒರೆಸಿ, ಒಂದೊಂದು ಜಾರುಗಟ್ಟೆಗೂ ಕಡಲೆಕಾಳಿನಷ್ಟು ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. (ಅಂಟಿಸುವ ಸಿಲಿಕಾನ್ ಬೇರೆ, ಗ್ರೀಸ್ ಬೇರೆ. ಅಂಗಡಿಯಲ್ಲಿ ಸರಿಯಾಗಿ ಕೇಳಿ ತನ್ನಿ.) ವೀಲ್ ಬೇರಿಂಗ್ ಗ್ರೀಸ್ ಇಲ್ಲಿ ನಡೆಯುವುದಿಲ್ಲ.

ಮೋಟಾರು ಇಳಿಸುವುದೇ ಆದರೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಗಾಜು ಮುಚ್ಚಿದ ಸ್ಥಿತಿಯಲ್ಲೇ ಬಿಚ್ಚಿ. ಇದನ್ನು ಮರೆತವರೇ ಆಮೇಲೆ ಒದ್ದಾಡುವುದು. ಹಳೆಯ ಮೋಟಾರುಗಳಲ್ಲಿ ಗಾಜು ಎಲ್ಲಿದೆ ಅಂತ ಲೆಕ್ಕ ಇಡುವುದು ಒಂದು ಕ್ಯಾಮ್ (ಮೋಟಾರಿನ ಜೊತೆ ತಿರುಗುವ ಉಬ್ಬುಚಕ್ರ) ಮತ್ತು ಅದು ಒತ್ತುವ ಪುಟ್ಟ ಮೈಕ್ರೋಸ್ವಿಚ್ಚು. ಮೋಟಾರನ್ನು ಹೊರಗೆ ಸುಮ್ಮನೆ ತಿರುಗಿಸಿ ಹಾಗೇ ಕೂರಿಸಿದರೆ ಅದು ತಪ್ಪು ಜಾಗವನ್ನೇ 'ಮುಚ್ಚಿದೆ' ಅಂದುಕೊಂಡು ನಿಲ್ಲುತ್ತದೆ. ಕೂರಿಸುವ ಮುಂಚೆ ಎರಡೂ ಬದಿಯ ಎತ್ತುವ ತೋಳುಗಳು ರೈಲಿನ ಗುರುತಿಗೆ ಸಮವಾಗಿವೆಯೇ ನೋಡಿ. ಒಂದು ಹಲ್ಲು ತಪ್ಪಿದರೂ ಗಾಜು ಓರೆ.

ಎಲ್ಲ ಸನ್‌ರೂಫಿಗೂ ಇದೇ ಲೆಕ್ಕ ಹಾಕಬೇಡಿ. ಉದಾಹರಣೆಗೆ ಪೋರ್ಷೆ 944ರಲ್ಲಿ ಛಾವಣಿಯ ಹಲಗೆ ಹಿಂದಕ್ಕೆ ಜಾರುವುದಿಲ್ಲ. ಮೋಟಾರು ಅದರ ಹಿಂಬದಿಯನ್ನು ಎತ್ತುತ್ತದೆ, ಬೇಕಾದರೆ ಹಲಗೆಯನ್ನೇ ಕಳಚಿ ತೆಗೆಯಬಹುದು. ಅಲ್ಲಿ ಸವೆಯುವುದು ಎತ್ತುವ ತೋಳಿನ ಪ್ಲಾಸ್ಟಿಕ್ ಗೇರುಗಳು.

ಕೊನೆಗೆ ಗಾಜಿನ ಮಟ್ಟ. ಮುಂದಿನ ಅಂಚು ಛಾವಣಿಗೆ ಸಮ ಅಥವಾ 1 ಮಿ.ಮೀ. ತಗ್ಗು, ಹಿಂದಿನ ಅಂಚು ಸಮ ಅಥವಾ 1 ಮಿ.ಮೀ. ಎತ್ತರ. ಹೆಚ್ಚಿನ ಕಾರುಗಳಿಗೆ ಇದೇ ಸರಿ. ಮುಂದಿನ ಅಂಚು ಎದ್ದಿದ್ದರೆ ಬೆಂಗಳೂರು ರಸ್ತೆಯಲ್ಲಿ ವೇಗ ಹಿಡಿದ ಕೂಡಲೇ ಶಿಳ್ಳೆ ಶುರು. ಹತ್ತು ರೂಪಾಯಿ ನೋಟನ್ನು ಅಂಚಿನಲ್ಲಿಟ್ಟು ಗಾಜು ಮುಚ್ಚಿ ಎಳೆಯಿರಿ, ಸುತ್ತಲೂ ಒಂದೇ ಬಿಗಿತ ಇರಬೇಕು. ಆಮೇಲೆ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಒಮ್ಮೆ ಹತ್ತಿ ಇಳಿಯಿರಿ. ಬಾಡಿ ತಿರುಚುವಾಗ ಕಿರ್ರೆನ್ನುವ ಶಬ್ದ ಬಂದರೆ ಬೀಡಿಂಗಿಗೆ ಸಿಲಿಕಾನ್ ಸ್ಪ್ರೇ ಬೇಕು, ಟಕ್ ಟಕ್ ಅಂದರೆ ಗಾಜಿನ ಸ್ಕ್ರೂ ಸಡಿಲ.

ಮಳೆಯಲ್ಲಿ ಗಾಜು ತೆರೆದೇ ನಿಂತರೆ ಕೈಯಿಂದ ಮುಚ್ಚಲು ಅನೇಕ ಕಾರುಗಳಲ್ಲಿ ಒಳದೀಪದ ಮುಚ್ಚಳದ ಹಿಂದೆ, ಮೋಟಾರಿನ ನಡುವೆ ಅಲೆನ್ ಕೀ ಹಾಕುವ ತೂತು ಇರುತ್ತದೆ. ನಿಮ್ಮ ಕಾರಿಗೆ ಯಾವ ಅಳತೆ ಕೂರುತ್ತದೆ ಅಂತ ಇವತ್ತೇ ನೋಡಿ, ಆ ಕೀಯನ್ನು ಗ್ಲೋವ್ ಬಾಕ್ಸಿನಲ್ಲಿ ಇಡಿ. ತಿರುಗಿಸುವಾಗ ಕೈಯಿಂದಲೇ ತಿರುಗಿಸಿ, ಡ್ರಿಲ್ಲಿಂಗ್ ಮೆಷಿನ್ ಹಾಕಿದರೆ ಆ ನೈಲಾನ್ ಗೇರು ಅಲ್ಲೇ ಹೋಗುತ್ತದೆ.