ಸ್ಪರ್ಶಕವನ್ನು ಮುಟ್ಟಿ ನೋಡುವುದು ಹೇಗೆ?

ಪ್ರಶ್ನೆ: ಕಣ್ಣು ಕಾಣದ ಮಕ್ಕಳಿಗೆ ರೇಖಾಗಣಿತ ಕಲಿಸಲು ನಮ್ಮ ಮಂಗಳೂರಿನ ಶಾಲೆಗಳು ಕಂಪಿಸುವ, ದನಿ ಮಾಡುವ ಉಪಕರಣ ಕೊಳ್ಳಬೇಕೇ?

ಪರ

ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ಹೋಗುವ ಗೆರೆಗೆ ಕನ್ನಡದಲ್ಲಿ ಸ್ಪರ್ಶಕ ಅಂತ ಹೆಸರು. ಮುಟ್ಟುವುದು ಹೆಸರಲ್ಲೇ ಇದೆ. ಆದರೆ ಕಲಿಸುವುದು ಬರೀ ಕಣ್ಣಿಗೆ. ಸರ್ ಬೋರ್ಡಿನಲ್ಲಿ ಗೆರೆ ಎಳೆದು "ಇಲ್ಲಿ ನೋಡಿ, ಈ ಕೋನ" ಅನ್ನುತ್ತಾರೆ. ಕಾಣದ ಮಗುವಿಗೆ "ಇಲ್ಲಿ" ಅಂದರೆ ಎಲ್ಲಿ?

ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲಿ ಗಣಿತದ ಪಕ್ಕದಲ್ಲೇ ಸಮಾಜಶಾಸ್ತ್ರ ಅಂತ ಇರುತ್ತದೆ. ಅಂಗವಿಕಲ ಮಕ್ಕಳು ಗಣಿತದ ಬದಲು ಅದನ್ನು ಬರೆಯಬಹುದು. ರಿಯಾಯಿತಿ ಬೇಕಾದವರಿಗೆ ಇರಲಿ. ಆದರೆ ಲೆಕ್ಕದಲ್ಲಿ ಆಸೆ ಇರುವ ಮಗು, ಚಿತ್ರ ಕೈಗೆ ಸಿಗಲಿಲ್ಲ ಅಂತ ಅದನ್ನು ಬಿಟ್ಟರೆ? ನನಗೆ ಸಿಟ್ಟು ಬರುವುದು ಇಲ್ಲೇ.

ಈಗ ಟಚ್‌ಸ್ಕ್ರೀನಿನಲ್ಲಿ ಬೆರಳು ಗೆರೆಯ ಮೇಲೆ ಇರುವಷ್ಟು ಹೊತ್ತು ಪರದೆ ನಡುಗಿ, ಜಾರಿದರೆ ಸುಮ್ಮನಾಗುವ ವ್ಯವಸ್ಥೆ ಮಾಡಬಹುದು. ಪೆನ್ನಿನಂಥ ಉಪಕರಣಗಳೂ ಇವೆ. ಅದರ ತುದಿ ಪರದೆಯೊಳಗಿನ ಗೋಲಕ್ಕೆ ತಾಗಿದರೆ ಮೋಟಾರು ಕೈಯನ್ನು ತಡೆಯುತ್ತದೆ. ಇಲ್ಲದ ಚೆಂಡನ್ನು ಸವರಿದ ಹಾಗೆ! ಗಣಿತದ ನಕ್ಷೆ ಬಿಡಿಸುವ ಡೆಸ್ಮೋಸ್ ಎಂಬ ತಂತ್ರಾಂಶದಲ್ಲಿ ನಕ್ಷೆಯನ್ನು ಕಿವಿಯಿಂದ ಕೇಳಲೂ ಬಹುದು. ಗೆರೆ ಮೇಲೇರಿದರೆ ಶ್ರುತಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಬಟ್ಟಲಿನಂತೆ ಬಾಗಿದ ಪರವಲಯ ಅಂದರೆ ಇಳಿದು ಮತ್ತೆ ಏರುವ ಒಂದು ಆಲಾಪ.

ಬೆರಳಿಗೆ ತಾಗುವ ಹಾಗೆ ಗೆರೆ ಎಬ್ಬಿಸಿದ ಉಬ್ಬು ಚಿತ್ರಕ್ಕೆ ಇದು ಆಗದು. ಕಾಗದದ ತ್ರಿಭುಜ ಅಲ್ಲಾಡುವುದಿಲ್ಲ. ಮೂಲೆ ಎಳೆದಂತೆ ಮೂರು ಕೋನವೂ ಬದಲಾಗಿ, ಕೂಡಿದರೆ ಮತ್ತೆ 180 ಡಿಗ್ರಿ ಬರುವ ಮಜಾ ಜಿಯೋಜೀಬ್ರ ಎಂಬ ರೇಖಾಗಣಿತದ ತಂತ್ರಾಂಶದಲ್ಲಿ ಕಾಣುವ ಮಕ್ಕಳಿಗೆ ಸಿಗುತ್ತದೆ. ಉಳಿದವರಿಗೆ ಯಾಕಿಲ್ಲ?

ವಿರೋಧ

ಒಪ್ಪಿದೆ, ನನ್ನ ರಟ್ಟಿನ ತ್ರಿಭುಜ ಓಡಾಡುವುದಿಲ್ಲ. ಆದರೆ ಗಾಜಿನ ಪರದೆ ಎಷ್ಟು ನಡುಗಿದರೂ ಸಪಾಟು. ಒಂದು ಸಲಕ್ಕೆ ಒಂದು ಬೆರಳಿಗೆ ಒಂದು ಚುಕ್ಕಿ. ಆಕಾರವನ್ನು ಮನಸ್ಸಿನಲ್ಲಿ ಜೋಡಿಸುವಷ್ಟರಲ್ಲಿ ಶುರು ಮಾಡಿದ ಜಾಗವೇ ಮರೆತಿರುತ್ತದೆ. ಉಬ್ಬು ಚಿತ್ರದ ಮೇಲೆ ಎರಡೂ ಅಂಗೈ ಇಡಬಹುದು. ಎಡಗೈ ಕೇಂದ್ರ ಹಿಡಿದಿರುತ್ತದೆ, ಬಲಗೈ ಸುತ್ತು ಹೊಡೆಯುತ್ತದೆ.

ದನಿಯ ಕತೆ ಬೇರೆ. ಜುಲೈ ತಿಂಗಳಲ್ಲಿ ಮಂಗಳೂರಿನ ಶೀಟಿನ ಮಾಡಿನ ಕೆಳಗೆ ಪಾಠ ಕೇಳಿದ್ದೀರಾ? ಟೀಚರ್ ಕೂಗಿದ್ದೇ ಕೇಳುವುದಿಲ್ಲ, ಇನ್ನು ಶ್ರುತಿ! ಇಯರ್‌ಫೋನ್ ಹಾಕಿದರೆ ಪಾಠವೇ ಹೋಯಿತು. ಅದೂ ಕರೆಂಟ್ ಇದ್ದರೆ.

ಅಬ್ರಹಾಂ ನೆಮೆತ್ ಹುಟ್ಟಿನಿಂದ ಅಂಧರು, ಗಣಿತದ ಪ್ರೊಫೆಸರ್ ಆಗಿದ್ದವರು. ಗಣಿತ ಬರೆಯಲು ಅವರು ರೂಪಿಸಿದ ಬ್ರೈಲ್ ಕೋಡ್ 1952ರಲ್ಲಿ ಪ್ರಕಟವಾಯಿತು. ಅದಕ್ಕೆ ಬ್ರೈಲಿನ ಆರು ಚುಕ್ಕಿಗಳೇ ಸಾಕಾದವು. ನಮ್ಮಲ್ಲಿ ಎಷ್ಟು ಗಣಿತ ಶಿಕ್ಷಕರು ಅದನ್ನು ಓದಬಲ್ಲರು? ಮೊದಲು ಅವರಿಗೆ ತರಬೇತಿ ಕೊಡಿ. ಯಂತ್ರ ಬಂದು ಹೆಡ್‌ಮಾಸ್ಟರರ ಕಪಾಟು ಸೇರಿದ್ದನ್ನು ನಾನು ಕಂಡಿದ್ದೇನೆ. ಕೀಲಿ ಇದ್ದವರು ವರ್ಗವಾಗಿ ಹೋಗಿದ್ದರು.

ನಾನು ಭಾನುವಾರ ಪಾಠ ಹೇಳುವ ಹುಡುಗಿಗೆ ಸ್ಪರ್ಶಕ ಮಾಡಿಕೊಟ್ಟದ್ದು ಹಿಡಿಸೂಡಿ (ಪೊರಕೆ) ಕಡ್ಡಿಯಲ್ಲಿ. ರಟ್ಟಿನ ಮೇಲೆ ಗೋಣಿ ನೂಲಿನ ವೃತ್ತ, ಒಳಗೆ ತ್ರಿಜ್ಯಕ್ಕೊಂದು ಕಡ್ಡಿ, ಹೊರಗೆ ಸ್ಪರ್ಶಕಕ್ಕೊಂದು. ಅಂಟು ಒಣಗುವುದಕ್ಕೇ ಅರ್ಧ ದಿನ ಬೇಕಾಯಿತು, ಮಳೆಗಾಲ ನೋಡಿ. ಎರಡು ಕಡ್ಡಿ ಸೇರುವಲ್ಲಿ ಅವಳ ಬೆರಳು ನಿಂತಿತು. ಪಕ್ಕದ ನೋಟ್ಸ್ ಪುಸ್ತಕದ ಮೂಲೆಯನ್ನು ತಡವಿದಳು. ಮತ್ತೆ ಕಡ್ಡಿಗೆ ಬಂದಳು.

"ಟೀಚರ್, ಇದು ಪುಸ್ತಕದ ಮೂಲೆಯೇ ಅಲ್ವಾ?"