ಆಟ ಸರಿ, ಪರೀಕ್ಷೆ ಹಳೇದೇ ಅಲ್ವಾ?

ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಮಾರುಕಟ್ಟೆ ಆಟ (ವಿದ್ಯಾರ್ಥಿಗಳೇ ಕೊಳ್ಳುವವರು, ಮಾರುವವರಾಗಿ ಚೌಕಾಸಿ ಮಾಡುವುದು) ಆಡಿಸುವುದು ಹೊಸ ಫ್ಯಾಷನ್ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟೇನೂ ಹೊಸದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಚೇಂಬರ್ಲಿನ್ ತಮ್ಮ ವಿದ್ಯಾರ್ಥಿಗಳಿಂದ ಇಂಥದ್ದೇ ಆಟ ಆಡಿಸಿ 1948ರಲ್ಲೇ ಅದರ ಬಗ್ಗೆ ಬರೆದಿದ್ದರು. ಮುಂದೆ ಅವರ ಕ್ಲಾಸಿನಲ್ಲಿ ಕೂತ ವರ್ನನ್ ಸ್ಮಿತ್ ಅದನ್ನು ತಿದ್ದಿ ಬೆಳೆಸಿದರು. ಈ ಬಗೆಯ ಪ್ರಯೋಗಗಳಿಗಾಗಿ ಸ್ಮಿತ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಾನೂ ಆಡಿಸಿದ್ದೇನೆ. ಅರ್ಧ ಜನಕ್ಕೆ ಮಾರುವವರ ಚೀಟಿ, ಉಳಿದವರಿಗೆ ಕೊಳ್ಳುವವರ ಚೀಟಿ. ಮೊದಲ ಸುತ್ತಿನಲ್ಲಿ ಬರೀ ಗಲಾಟೆ, ಬೆಲೆ ಎಲ್ಲೆಲ್ಲೋ ಹೋಗುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ತಾನಾಗಿ ಒಂದು ಕಡೆ ಬಂದು ನಿಲ್ಲುತ್ತದೆ.

ತೊಂದರೆ ಇರುವುದು ಪರೀಕ್ಷೆಯಲ್ಲಿ. ಇಷ್ಟೆಲ್ಲ ಆಡಿಸಿ ಕೊನೆಗೆ ‘ಬೇಡಿಕೆಯ ನಿಯಮ (ಬೆಲೆ ಏರಿದರೆ ಕೊಳ್ಳುವುದು ಕಡಿಮೆಯಾಗುತ್ತದೆ ಅನ್ನುವುದು) ಬರೆಯಿರಿ’ ಅಂದರೆ ಉರು ಹೊಡೆಯದೆ ಇನ್ನೇನು ಮಾಡುತ್ತಾರೆ? ಅವರದೇ ಆಟದ ಬೆಲೆಪಟ್ಟಿ ಕೊಟ್ಟು, ಮಾರುವವರ ಮೇಲೆ ತೆರಿಗೆ ಹಾಕಿದ್ದರೆ ಏನಾಗುತ್ತಿತ್ತು ಅಂತ ಕೇಳಿ ನೋಡಿ.